ನೀರುಹಕ್ಕಿಗಳ ರಕ್ತನಾಳದ ಹುಳುವಿಗೆ ‘ರಕ್ತಜಿಗಣೆ’ ಎನ್ನಬಹುದೇ?

ಮಾನ್ಯರೇ,

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗುವ ಶಾಲಾ ಮಕ್ಕಳಿಗಾಗಿ ಒಂದು ಕಿರುಹೊತ್ತಿಗೆ ಸಿದ್ಧವಾಗುತ್ತಿದ್ದು, ನೀರುಹಕ್ಕಿಗಳ ರೋಗಗಳನ್ನು ಕುರಿತ ಪುಟಗಳನ್ನು ನಾನು ಬರೆಯುತ್ತಿದ್ದೇನೆ. ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿರುವುದರಿಂದ ಅಲ್ಲಿಯ ಹಕ್ಕಿಗಳ ಬಗ್ಗೆ ಬರೆಯುವಾಗ ಪದಗಳು ಖಚಿತವಾಗಿರಬೇಕೆಂಬುದು ನನ್ನ ಆಸೆ. ಬಾತು, ಹೆಬ್ಬಾತುಗಳ ರಕ್ತನಾಳಗಳಲ್ಲಿ ಬಾಳುವ ಟ್ರೈಕೊಬಿಲ್ಹಾರ್ಜಿಯಾ ಕುಲದ ಹುಳುಗಳಿಗೆ, ಕರಡನ್ನು ಓದಿದ ಹಿರಿಯರೊಬ್ಬರು ‘ರಕ್ತಜಿಗಣೆ’ ಎಂಬ ಪದವನ್ನು ಸೂಚಿಸಿದ್ದಾರೆ. ಅದು ನನಗೆ ಸರಿಯೆನಿಸುತ್ತಿಲ್ಲ.

ಜಿಗಣೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕೆರೆಗಿಳಿದ ಎಮ್ಮೆಯ ಕಾಲಿಗೆ ಹೊರಗಿನಿಂದ ಕಚ್ಚಿಕೊಂಡು, ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುವ ಪ್ರಾಣಿ. ಉಂಗುರ ಉಂಗುರವಾದ ಮೈಯ ಅದು ಎರೆಹುಳುವಿನ ಬಳಗಕ್ಕೆ ಸೇರಿದ್ದು. ನಾನು ಹೇಳಬೇಕಾದ ಹುಳು ಬೆಳೆದ ಮೇಲೆ ಹಕ್ಕಿಯ ಮೈಯಿಂದ ಹೊರಗೆ ಬರುವುದೇ ಇಲ್ಲ. ವರ್ಗೀಕರಣದಲ್ಲಿ ಅದು ಚಪ್ಪಟೆಹುಳು. ಆದರೆ ಆ ಹೆಸರೂ ನೋಟಕ್ಕೆ ಹೊಂದುವುದಿಲ್ಲ, ಏಕೆಂದರೆ ಇದರ ಮೈ ನೂಲಿನೆಳೆಯಂತೆ ಸಣ್ಣಗಿರುತ್ತದೆ. ಇದರ ಹತ್ತಿರದ ಬಳಗದ ಬಹುಪಾಲು ಹುಳುಗಳಲ್ಲಿ ಗಂಡು ಹೆಣ್ಣು ಒಂದೇ ಮೈಯಲ್ಲಿದ್ದರೆ, ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣನ್ನು ಹಿಡಿದುಕೊಳ್ಳಲು ಗಂಡಿನ ಮೈಯಲ್ಲಿ ಒಂದು ಗಿಡ್ಡ ಮಡಿಕೆಯಿದೆ.

ಇನ್ನು ‘ರಕ್ತದ ಹುಳು’ ಎಂದು ಬರೆದರೆ ಮುಂದಿನ ವಾಕ್ಯದಲ್ಲಿಯೇ ತೊಡಕು ಬರುತ್ತದೆ. ಹಿಕ್ಕೆಯೊಡನೆ ನೀರಿಗೆ ಬಿದ್ದ ಮೊಟ್ಟೆಯೊಡೆದು ಬಂದ ಮರಿಯು ಬಸವನಹುಳುವಿನ ಮೈ ಹೊಕ್ಕು, ಅಲ್ಲಿ ಹಲವಾಗಿ, ಕವಲುಬಾಲದ ಮರಿಗಳಾಗಿ ಮತ್ತೆ ನೀರಿಗಿಳಿದು, ಈಜುವ ಹಕ್ಕಿಯ ಚರ್ಮವನ್ನು ಕೊರೆದು ಒಳಸೇರುತ್ತದೆ. ಹುಳುವಿನೊಳಗೆ ಹುಳು ಎಂದು ಬರೆದರೆ ಮಕ್ಕಳು ಯಾವುದನ್ನು ಯಾವುದೆಂದು ತಿಳಿಯಬೇಕು? ಆದ್ದರಿಂದ ಬಸವನಹುಳುವನ್ನು ಹಾಗೆಯೇ ಇಟ್ಟು, ಇದಕ್ಕೆ ‘ರಕ್ತನಾಳದ ಜಂತು’ ಎನ್ನೋಣವೆಂದುಕೊಂಡಿದ್ದೇನೆ. ಕುರಿಗೆ ಜಂತಿನ ಔಷಧ ಕುಡಿಸುವ ನಮ್ಮ ಭಾಗದವರಿಗೆ ಜಂತು ಎಂದರೆ ಮೈಯೊಳಗಿನದು ಎಂಬುದು ಗೊತ್ತು. ಅದು ಹೊಟ್ಟೆಯದಲ್ಲ ಎಂಬುದನ್ನು ಮೊದಲ ಪದ ತಿಳಿಸುತ್ತದೆ. ಈ ಕುಲದ ಹೆಚ್ಚಿನವು ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿರುತ್ತವೆ. 1998ರಲ್ಲಿ ವಿವರಿಸಲಾದ ರೆಜೆಂಟಿ ಎಂಬ ಪ್ರಭೇದ ಮಾತ್ರ ನರಗಳ ದಾರಿ ಹಿಡಿದು, ಬೆನ್ನುಹುರಿ ಮತ್ತು ಮಿದುಳನ್ನು ಹಾಯ್ದು ಬಾತಿನ ಮೂಗನ್ನು ಸೇರುತ್ತದೆ.

ಇನ್ನೊಂದು ಪದವೂ ಬೇಕಾಗಿದೆ. ಈ ಕವಲುಬಾಲದ ಮರಿಗಳು ನೀರಿಗಿಳಿದ ಮನುಷ್ಯರ ಚರ್ಮವನ್ನೂ ಹೊಗುತ್ತವೆ. ಅಲ್ಲಿ ಬೆಳೆಯಲಾಗದೆ ಸಾಯುತ್ತವೆ, ಆದರೆ ಕೆಂಪು ಗುಳ್ಳೆಗಳೆದ್ದು ವಿಪರೀತ ತುರಿಸುತ್ತದೆ. ಈ ತುರಿಕೆಗೆ ಇಂಥ ಮರಿಗಳೇ ಕಾರಣವೆಂಬುದನ್ನು 1928ರಲ್ಲಿ ಅಮೆರಿಕದ ಕಾರ್ಟ್ ಎಂಬ ವಿಜ್ಞಾನಿ ತೋರಿಸಿದರು. ನಮ್ಮ ಕಡೆಯ ‘ತಿಂಡಿ’ ಎಂಬ ಮಾತು ಇದಕ್ಕೆ ತುಂಬ ಹತ್ತಿರದ್ದು, ಆದರೆ ಮೈಸೂರು ಕಡೆಯ ಓದುಗರು ಅದನ್ನು ಉಪಾಹಾರವೆಂದೇ ಓದುತ್ತಾರೆ. ‘ಕೆರೆನವೆ’ ಎಂದರೆ ಎಲ್ಲರಿಗೂ ತಿಳಿದೀತು. ಕೆರೆಯಲ್ಲಿ ಬಟ್ಟೆ ಒಗೆಯುವವರು, ದನ ಮೈತೊಳೆಯುವವರು ಓದಿ ಹೆದರಬಾರದೆಂದು, ಇದು ನೀರುಹಕ್ಕಿಗಳ ಬಗೆಗಿನ ಸಾಮಾನ್ಯ ವಿವರಣೆಯೇ ಹೊರತು ಮಾಗಡಿ ಕೆರೆಯ ತಪಾಸಣೆಯ ವರದಿಯಲ್ಲವೆಂದು ಪುಟದಲ್ಲಿಯೇ ಬರೆಯುತ್ತೇನೆ.

ಇದೇ ಬಳಗದ ಒಂದು ಜಂತು ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ, ಒಳಗೆ ಗಡ್ಡೆ ಬೆಳೆಸಿ, ಉಸಿರಾಡುವಾಗ ಗೊರಕೆಯ ಸದ್ದು ಬರಿಸುತ್ತದೆ. ಗದಗ, ಹಾವೇರಿ ಕಡೆಯ ದನಗಾಹಿಗಳು, ಪಶುವೈದ್ಯರು ಆ ರೋಗಕ್ಕಾಗಲಿ ಅದರ ಹುಳುವಿಗಾಗಲಿ ಬಳಸುವ ಹೆಸರು ಇದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು. ಜನರ ಬಾಯಲ್ಲಿರುವ ಪದ ಸಿಕ್ಕರೆ ನಾನು ಕಟ್ಟಿದ ಪದವನ್ನು ಸಂತೋಷದಿಂದ ಬಿಡುತ್ತೇನೆ.