ಗಡ್ಡಿ, ಕುರುವ, ದ್ವೀಪ: ಸಮುದ್ರದ್ದಕ್ಕ ಯಾವುದು ಒಪ್ತದ?

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಲಿಂಗಸುಗೂರು ಕಡಿ ಸಾಲಿ ಹುಡುಗ್ರಿಗೆ ಅಂತ ಮನ್ನಾರ್ ಕೊಲ್ಲಿ ದ್ವೀಪಗಳ ಮ್ಯಾಲ ಒಂದು ಸಣ್ಣ ಪುಸ್ತಕ ಬರಿಯಾಕತ್ತೀನಿ, ಪದಗಳ ವಿಚಾರಕ್ಕ ತಿಳಿದೋರ ಸಹಾಯ ಬೇಕಾಗೇತಿ.

ತೂತ್ತುಕುಡಿಯಿಂದ ರಾಮೇಶ್ವರದ ತನಕ ದಂಡಿಗುಂಟ 21 ಸಣ್ಣ ದ್ವೀಪ, 1986ರಾಗ ಸಾಗರ ರಾಷ್ಟ್ರೀಯ ಉದ್ಯಾನ ಅಂತ ಆತು, 1989ರಾಗ ಸುತ್ತಲಿನ ಸಮುದ್ರಾನೂ ಸೇರಿಸಿ ಜೀವಗೋಳ ಮೀಸಲು (ಬಯೋಸ್ಫಿಯರ್ ರಿಸರ್ವ್) ಅಂತ ಮಾಡಿದ್ರು. ಸುತ್ತ ಹವಳ, ನೀರಿನ ತಳದಾಗ ಕಡಲಹುಲ್ಲು, ಆ ಹುಲ್ಲು ಮೇಯೋ ಡುಗಾಂಗ್ ಅನ್ನೋ ದೊಡ್ಡ ಕಡಲಪ್ರಾಣಿ, ತಮಿಳ್ರು ಅದಕ್ಕ ಕಡಲ್ ಪಸು ಅಂತಾರ, ಕಡಲಹಸು ಅಂತ ಹಂಗ ತಗೊಂಡೀನಿ. ಇಂಥಾ ದ್ವೀಪಗಳ ಗುಂಪಿಗೆ ಪಠ್ಯಪುಸ್ತಕದಾಗ ದ್ವೀಪಸಮೂಹ, ದ್ವೀಪಸ್ತೋಮ ಅಂತಾರ. ಅದನ್ನ ಕೇಳಿದ್ರ ಅಂಡಮಾನಿನಷ್ಟು ದೊಡ್ಡದು ಕಣ್ಣಿಗೆ ಬರ್ತದ, ಇವು ಹಂಗಲ್ಲ, ಒಂದರ ಹಿಂದ ಒಂದು ಸಾಲಾಗಿ ಕುಂತಾವ, ಅದಕ್ಕ ದ್ವೀಪಸಾಲು ಅನ್ನೋದ ಸರಿ ಅಂತ ನನಗನಸ್ತದ.

ಆದ್ರ ನಮ್ಮ ಹುಡುಗ್ರಿಗೆ ದ್ವೀಪಕ್ಕಿಂತ ಗಡ್ಡಿ ಗೊತ್ತು. ಕೃಷ್ಣಾ ಹೊಳ್ಯಾಗ ಮ್ಯಾದರಗಡ್ಡಿ, ಕರಕಲಗಡ್ಡಿ, ವೆಂಕಮ್ಮನಗಡ್ಡಿ ಅದಾವ, ನಾರಾಯಣಪುರ ಡ್ಯಾಮಿಂದ ನೀರು ಬಿಟ್ರ ಶೀಲಹಳ್ಳಿ ಸೇತುವೆ ಮುಳುಗಿ ದಾರಿ ಬಂದಾಗ್ತದ, ಅದನ್ನ ಕಂಡು ಬೆಳೆದ ಮಕ್ಕಳು. ರಾಯಚೂರ ತಾಲೂಕಿನಾಗ ಕುರ್ವಕಲಾ, ಕುರ್ವಕುರ್ದಾ ಅಂತ ಎರಡು ನಡುಗಡ್ಡಿ ಊರು ಅದಾವಲ್ಲ, ಕಲಾ ಕುರ್ದಾ ಅನ್ನೋದು ಪಾರ್ಸಿ, ದೊಡ್ಡದು ಸಣ್ಣದು ಅಂತ, ಮುಂದಿನ ಕುರ್ವ ಮಾತ್ರ ನಮ್ಮ ಹಳಗನ್ನಡದ ಕುರುವಾನ, ನಡುಗಡ್ಡಿ ಅಂತನ ಅರ್ಥ. ಕುಂದಾಪುರ ಕಡಿ ಕುದ್ರು, ಗೋದಾವರಿ ದಂಡಿ ತೆಲುಗಿನಾಗ ಲಂಕ. ಆದ್ರ ಇವೆಲ್ಲಾ ಹೊಳಿ ಮಾತು. ಸಮುದ್ರದ ನಡುವಿನ ಭೂಮಿಗೆ ಕುರುವ ಅಂತ ಹಳೇ ಕಾವ್ಯದಾಗ ಶಾಸನದಾಗ ಯಾರರ ಬಳಸ್ಯಾರೇನ್ರಿ? ಬಳಸಿದ್ರ ನಾನು ಖುಷಿಯಿಂದ ತಗೋತೀನಿ, ಅಷ್ಟು ಚಂದದ ಪದ ಊರಹೆಸರಿನಾಗಷ್ಟ ಉಳಿಯಬಾರದು.

ನನಗ ಹೆಚ್ಚು ತ್ರಾಸ ಕೊಡಾಕತ್ತಿದ್ದು ಮುಳುಗು ಅನ್ನೋ ಮಾತು. ಆ 21ರಾಗ ವಿಲಾಂಗುಚಲ್ಲಿ, ಪೂವರಸನ್‌ಪಟ್ಟಿ ಅನ್ನೋ ಎರಡು ಈಗ ನೀರಿನ ಮ್ಯಾಲ ಇಲ್ಲ. ಸುಣ್ಣಕ್ಕ, ಕಟ್ಟಡಕ್ಕ ಅಂತ ವರ್ಷಾನುಗಟ್ಲೆ ಸುತ್ತಲಿನ ಹವಳ ಕಡಕೊಂಡು ಹೋದ್ರು, ಅಲಿ ಹೊಡತ ತಡ್ಯೋ ಹವಳದ ದಿಬ್ಬಾನ ಹೋದಮ್ಯಾಲ ಉಸುಕು ಎಲ್ಲಿ ನಿಂದ್ರತದ? ಇದನ್ನ ದ್ವೀಪ ಮುಳುಗಿತು ಅಂತ ಬರದ್ರ ನಮ್ಮ ಹುಡುಗ್ರು ಬ್ಯಾರೇನ ತಿಳಕೋತಾರ, ಯಾಕಂದ್ರ ನಮ್ಮಲ್ಲಿ ಗಡ್ಡಿ ಮುಳುಗಿತು ಅಂದ್ರ ಡ್ಯಾಮ್ ಗೇಟ್ ಹಾಕಿದಮ್ಯಾಲ ನೀರು ಇಳಿತದ, ಹೊಲ ಮತ್ತ ಕಾಣ್ತದ, ರಾಡಿ ಆರಿದ್ರ ಬಿತ್ತಾಕ ಬರ್ತದ. ಇಲ್ಲಿ ಹಂಗ ಇಳಿಯೋ ನೀರು ಅಲ್ಲ. ಮನುಷ್ಯಾನ ದ್ವೀಪದ ಬುಡ ಕಿತ್ತಿದ್ದು ಅನ್ನೋದು ಕ್ರಿಯಾಪದದಾಗ ಬರಬೇಕು. ಕರಗಿತು ಅಂದ್ರ ತಾನಾಗೇ ಆದಂಗ ಕೇಳ್ತದ, ಸವೀತು ಅಂದ್ರೂ ಅಷ್ಟ. ಕಡಲಪಾಲಾತು ಅನ್ನೋದು ಸ್ವಲ್ಪ ಹತ್ರ, ಆದ್ರೂ ಕಡಿದವರು ಅದರಾಗ ಕಾಣಂಗಿಲ್ಲ.

ಹೊಳಿ ದಂಡಿ ಊರಿನೋರು, ಅಂಬಿಗರ ಮನಿ ಮಾತು ಬಲ್ಲೋರು ಯಾರರ ಇದ್ರ ಹೇಳ್ರಿ: ಉಸುಕು ತಗದು ತಗದು ಗಡ್ಡೀನ ಇಲ್ಲದಂಗಾದ್ರ ಅದಕ್ಕ ನಿಮ್ಮಲ್ಲಿ ಏನಂತಾರ?