ಸಹಾಯ ಬೇಕು: ಕನ್ನಡ ಕರಡು ತಿದ್ದಲು ಯಾವ 4ಕೆ ಮಾನಿಟರ್?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯಿಂದಲೇ ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸ ನನ್ನದು. ದಿನಕ್ಕೆ ಎಂಟು ಗಂಟೆ ಪರದೆ ಮುಂದೆ.

ಈಗಿರುವುದು 24 ಇಂಚಿನ ಫುಲ್ ಎಚ್‌ಡಿ, ಇಂಚಿಗೆ ಸುಮಾರು 92 ಪಿಕ್ಸೆಲ್. ಇಂಗ್ಲಿಷಿಗೆ ಹೇಗೋ ಸಾಕು, ಕನ್ನಡಕ್ಕೆ ಸಾಲದು. 'ಧ'ದ ಹೊಟ್ಟೆಯಲ್ಲಿ ಚುಕ್ಕೆ ಇದ್ದರೆ 'ಥ', ಆ ಚುಕ್ಕೆಯೇ ಮಸುಕು. 'ರಾಷ್ಟ್ರ' ಅಂತ ಬರೆದರೆ ಕೆಳಗಿನ ಎರಡು ಒತ್ತು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಹೋದ ತಿಂಗಳು 'ಅರ್ಥ' ಇರಬೇಕಾದ ಕಡೆ 'ಅರ್ಧ' ಉಳಿದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಹಾಗೇ ಅಚ್ಚಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

27 ಇಂಚಿನಲ್ಲಿ 2560×1440 ಆದರೆ ಇಂಚಿಗೆ 109 ಪಿಕ್ಸೆಲ್, 4ಕೆ (3840×2160) ಆದರೆ 163. ಹಾಗಾಗಿ 4ಕೆ ಕಡೆಗೇ ಮನಸ್ಸು. ಬಜೆಟ್ ಮೂವತ್ತು ಸಾವಿರದೊಳಗೆ. ಬಣ್ಣ, ಗೇಮಿಂಗ್ ಯಾವುದೂ ಮುಖ್ಯವಲ್ಲ, ಅಕ್ಷರ ಸ್ಪಷ್ಟವಾಗಿರಬೇಕು. ಕಿಟಕಿ ಪಕ್ಕದ ಮೇಜು, ಆದ್ದರಿಂದ ಪರದೆ ಮ್ಯಾಟ್ (ಬೆಳಕು ಪ್ರತಿಫಲಿಸದಂಥದ್ದು) ಆಗಿರಬೇಕು.

ನನ್ನ ಲ್ಯಾಪ್‌ಟಾಪಿನಲ್ಲಿ ಮಾನಿಟರ್ ಜೋಡಿಸುವ ಎಚ್‌ಡಿಎಂಐ ಪೋರ್ಟ್ ಹಳೆಯ 1.4 ಆವೃತ್ತಿ, ಅದರಲ್ಲಿ 4ಕೆ ಹಾಕಿದರೆ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ, ಮೌಸ್ ಎಳೆದಾಡುತ್ತದೆ. ಟೈಪ್-ಸಿ ಪೋರ್ಟಿನಲ್ಲಿ ಡಿಸ್‌ಪ್ಲೇ ಬರುತ್ತದೆ. ಒಂದೇ ಕೇಬಲ್ಲಿನಲ್ಲಿ ಚಾರ್ಜಿಂಗೂ ಆಗುವ 65 ವ್ಯಾಟ್ ಮಾಡೆಲ್ಲಿಗೆ ಹೆಚ್ಚು ದುಡ್ಡು ಕೊಡುವುದು ಸರಿಯಾ?

ಇನ್ನೊಂದು ಮುಖ್ಯ ವಿಷಯ. ವಿಂಡೋಸಿನಲ್ಲಿ 150% ಸ್ಕೇಲಿಂಗ್ (ಪರದೆ ಮೇಲಿನದ್ದೆಲ್ಲ ಒಂದೂವರೆ ಪಟ್ಟು ದೊಡ್ಡದು) ಇಟ್ಟಾಗ ಹಳೆಯ ಡಿಟಿಪಿ (ಪುಟ ವಿನ್ಯಾಸದ) ತಂತ್ರಾಂಶಗಳಲ್ಲಿ ಅಕ್ಷರ ಮಸುಕಾಗುತ್ತದಾ? ಕನ್ನಡದಲ್ಲೇ ದಿನವಿಡೀ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಮಾಡೆಲ್ ಹೆಸರು ಹೇಳಿ. ಸಾಧ್ಯವಾದರೆ 'ರಾಷ್ಟ್ರ' ಅಂತ 11 ಪಾಯಿಂಟಿನಲ್ಲಿ ಟೈಪ್ ಮಾಡಿ, ಪರದೆಯ ಹತ್ತಿರದ ಫೋಟೊ ಒಂದನ್ನು ಹಾಕಿ.