ಪಿಎಸ್4 ಕಂಟ್ರೋಲರ್‌ಗೆ ಕ್ಲಿಯರ್ ಕೋಟ್ ಹೊಡದ್ ಮ್ಯಾಲ ಬೆಳ್ಳಗಾಗೇತಿ, ಬಟನ್‌ನೂ ಹಿಡ್ಕೊಳ್ಳಾಕತ್ತೇತಿ

ಟಿಳಕವಾಡಿ ಗೇಮರ್:
ನಮಸ್ಕಾರ ಎಲ್ಲಾರಿಗೂ. ಪಿಎಸ್4 ಗೇಮಿನ ಕಂಟ್ರೋಲರ್ ಡ್ಯುಯಲ್‌ಶಾಕ್ 4 ಬಿಚ್ಚಿ ಬಾಡಿಗೆ ಕರೇ ಸ್ಪ್ರೇ ಹೊಡದೆ, ಬಣ್ಣ ಮಸ್ತ್ ಬಂದಿತ್ತು. ಆಮ್ಯಾಲ ಕ್ಲಿಯರ್ ಕೋಟ್ (ಬಣ್ಣ ಕಾಯಾಕ ಮ್ಯಾಲ ಹೊಡಿಯೋ ಬಣ್ಣಿಲ್ಲದ ಪದರು) ಹೊಡದ್ರ ಸ್ವಲ್ಪ ಹೊತ್ತಿನ್ಯಾಗ ಮಂಜ ಕವದಂಗ ಬೆಳ್ಳಗಾತು, ಹಿಡಿಕಿ ಕಡೆ ಅಂತೂ ಕರೇ ಬಣ್ಣನ ಕಾಣವಲ್ದು. ಬೆಳಗಾವ್ಯಾಗ ಜಿಟಿಜಿಟಿ ಮಳಿ ಹಿಡದೇತಿ, ಬಾಲ್ಕನ್ಯಾಗ ಹೊಡದಿದ್ದು. ಜೋಡಿಸಿ ನೋಡಿದ್ರ ಎಕ್ಸ್ ಬಟನ್ ಒತ್ತಿದ್ದು ಒತ್ತಿದಂಗ ಒಳಗ ಕುಂದರ್ತೇತಿ. ಥಿನ್ನರ್ ಹಚ್ಚಿ ಎಲ್ಲಾ ತಗದ್ ಹೊಸದಾಗಿ ಹೊಡೀಲೇನ್ರಿ?

ಗುಮ್ಮಟದೂರಾಂವ:
ತಮ್ಮಾ, ಥಿನ್ನರ್ ಮಾತ್ರ ಮುಟ್ಟಿಸಬ್ಯಾಡ. ಬಾಡಿ ಎಬಿಎಸ್ ಪ್ಲಾಸ್ಟಿಕ್ ಐತಿ, ಥಿನ್ನರ್ ಅಸಿಟೋನ್ ಬಿದ್ರ ಕರಗಿ ಅಂಟಂಟ ಆಗಿ ಬಾಡೀನ ಕೆಡ್ತೇತಿ. ನಿನ್ನ ಬಣ್ಣಕ್ಕ ಏನೂ ಆಗಿಲ್ಲ. ಸ್ಪ್ರೇದಾಗಿನ ಸಾಲ್ವೆಂಟ್ (ಬಣ್ಣ ಕರಗಿಸಿಟ್ಟಿರೋ ದ್ರವ) ಆರುವಾಗ ಮ್ಯಾಲ್ಮೈ ತಣ್ಣಗಾಗ್ತೇತಿ, ಹವಾದಾಗ ತೇವ ಇದ್ರ ಅದು ಬಂದು ಹಸಿ ಕೋಟಿನ್ಯಾಗ ಸಿಕ್ಕೋತೇತಿ, ಆ ಬೆಳ್ಳಗಿಂದು ನೀರಿಂದ. ಗ್ಯಾರೇಜ್ ಪೇಂಟರ್‌ಗೋಳು ಮಳಿಗಾಲದಾಗ ಲ್ಯಾಕರ್ (ಸಾಲ್ವೆಂಟ್ ಆರಿ ಒಣಗೋ ಹೊಳಪಿನ ಕೋಟ್) ಹೊಡಿಯಾಕ ಹಿಂದಮುಂದ ನೋಡೋದು ಇದಕ್ಕ.

ಈಗ ಮನಿ ಒಳಗ ಬೆಚ್ಚಗಿರೋ ಕ್ವಾಣ್ಯಾಗ ಇಟ್ಟು ಪೂರ್ತಿ ಆರಾಕ ಬಿಡು. ಮಳಿ ನಿಂತು ಬಿಸಲ ಬಿದ್ದ ದಿನ ಅದ ಡಬ್ಬಿಯಿಂದ ಭಾಳ ತೆಳ್ಳಗ, ತುಂತುರು ಬಿದ್ದಷ್ಟ ಹೊಡಿ. ಹೊಸಾ ಸಾಲ್ವೆಂಟ್ ಹಳೇ ಕೋಟ್ ಮೆತ್ತಗ ಮಾಡಿ ತೇವ ಹೊರಗ ಬಿಡ್ತೇತಿ, ಬಹಳ ಸಲ ಇಷ್ಟಕ್ಕ ತಿಳಿಯಾಗ್ತೇತಿ. ಆಗ್ಲಿಲ್ಲಂದ್ರ 1000 ನಂಬರ್ ವಾಟರ್ ಪೇಪರ್ (ನೀರ ಹಚ್ಚಿ ತಿಕ್ಕೋ ಉಸುಕಿನ ಕಾಗದ) ನೀರಾಗ ಅದ್ದಿ ಮ್ಯಾಲಿನ ಕ್ಲಿಯರ್ ಅಷ್ಟ ಹಗೂರಕ ತಿಕ್ಕು, ಕರೇ ನೀರ ಬಂತಂದ್ರ ಅಲ್ಲೇ ನಿಲ್ಲಿಸು, ಬಣ್ಣಕ್ಕ ಮುಟ್ಟಿದಿ ಅಂತ ಅರ್ಥ. ಒರಸಿ ಒಣಗಿಸಿ ಮತ್ತ ಕ್ಲಿಯರ್ ಹೊಡಿ. ಡಬ್ಬಿ 20-25 ಸೆಂಟಿಮೀಟರ್ ದೂರ ಇರ್ಲಿ, ಮೂಗಿಗೆ ಮಾಸ್ಕ್ ಇರ್ಲೇಬೇಕು.

ನಮ್ಮ ವಿಜಯಪುರದಾಗ ಇದರ ಉಲ್ಟಾ ನೋಡು. ಎಪ್ರಿಲ್-ಮೇದಾಗ ಮಧ್ಯಾಹ್ನ ಹೊಡದ್ರ ಬಣ್ಣ ಬಾಡಿಗೆ ಮುಟ್ಟೋದ್ರಾಗ ಗಾಳ್ಯಾಗ ಒಣಗಿ ರವಾ ಉದರಿಸಿದಂಗ ಖರಖರ ಆಗ್ತೇತಿ, ಅದಕ್ಕ ನಾವು ಮುಂಜಾನೆ ಗಾಳಿ ಏಳೂಕಿಂತ ಮೊದಲ ಮುಗಸ್ತೀವಿ.

ನವನಗರ ರಿಪೇರಿ:
ಬಟನ್ ಬಗ್ಗೆ ನಾ ಹೇಳ್ತೀನ್ರಿ. ತೂತಿನ ಒಳಗೋಡಿಗೆ ಬಣ್ಣ ಕುಂತೇತಿ. ಅಲ್ಲಿ ಸಂದು ಭಾಳ ಕಡಿಮಿ ಇರ್ತೇತಿ, ಪ್ರೈಮರ್ (ಬಣ್ಣಕ್ಕಿಂತ ಮೊದಲ ಹೊಡಿಯೋ ತಳದ ಕೋಟ್), ಬಣ್ಣ, ಕ್ಲಿಯರ್ ಮೂರೂ ಸೇರಿದ್ರ ಬಟನ್ ಜಾರಾಕ ಜಾಗಾನ ಉಳಿಯಂಗಿಲ್ಲ. ಮತ್ತ ಬಿಚ್ಚ್ರಿ, ಹಿಂದ ನಾಕ ಸ್ಕ್ರೂ ಅದಾವಲ್ಲ, ತಗದ್ ಕೂಡ್ಲೇ ಜಗ್ಗಬ್ಯಾಡ್ರಿ, ಒಳಗ ಚಾರ್ಜಿಂಗ್ ಬೋರ್ಡಿನ ರಿಬ್ಬನ್ ಕೇಬಲ್ ಐತಿ, ಬ್ಯಾಟರಿ ವೈರೂ ಬಿಡಸ್ರಿ. 600 ವಾಟರ್ ಪೇಪರ್ ಪೆನ್ಸಿಲ್‌ಗೆ ಸುತ್ತಿ ತೂತಿನ್ಯಾಗ ತಿರಗಿಸ್ರಿ, ನಡುನಡುವ ಬರೇ ಬಟನ್ ಹಾಕಿ ಬಾಡಿ ಡಬ್ಬ ಹಾಕ್ರಿ, ತಾನ ಜಾರಿ ಬಿದ್ರ ಸಾಕು. ತಿಕ್ಕಿದ ಧೂಳ ಬ್ರಶ್‌ಲೆ ತಗೀರಿ, ರಬ್ಬರ್ ಪ್ಯಾಡ್ ಕೆಳಗ ಸೇರಿದ್ರ ಬಟನ್ ಕೆಲಸಾನ ಮಾಡಂಗಿಲ್ಲ.

ಟಿಳಕವಾಡಿ ಗೇಮರ್:
ನವನಗರ ಅಣ್ಣಾ, ಎಕ್ಸ್ ಬಟನ್ ಈಗ ಹೊಸಾದರಂಗ ಪುಟಿತೇತಿ, ಭಾಳ ಉಪಕಾರ ಆತು. ಬೆಳ್ಳಗಿಂದು ಮಾತ್ರ ಹಂಗ ಐತಿ, ಇಲ್ಲಿ ಮಳಿ ಬಿಡವಲ್ದು. ಹೇರ್ ಡ್ರೈಯರ್ ಹಿಡೀಲೇನ್ರಿ?

ಗುಮ್ಮಟದೂರಾಂವ:
ಬಿಸಿ ಜೋರ ಇಟ್ಟು ಹತ್ರ ಹಿಡದ್ರ ಬಣ್ಣ ಗುಳ್ಳಿ ಏಳ್ತೇತಿ, ಬಾಡಿನೂ ಸೊಟ್ಟ ಆಗಬಹುದು. ಕಡಿಮಿ ಬಿಸಿ ಇಟ್ಟು ಒಂದ ಗೇಣ ದೂರದಿಂದ, ಒಂದ ಕಡೆ ನಿಲ್ಲಸದಂಗ ಆಡಸ್ಕೋತ ಹಿಡಿ. ಅದಕ್ಕೂ ಹೋಗ್ಲಿಲ್ಲಂದ್ರ ಬಿಸಲ ಬೀಳೋತನಕ ಡಬ್ಬಿ ಕೈಯಾಗ ಹಿಡೀಬ್ಯಾಡ.